ಡೀಸೆಲ್ ಇತ್ತು

2019ರ ಆಗಸ್ಟ್‌ನಲ್ಲಿ ನಾನು ಬರೆದ ಒಂದು ಸುದ್ದಿಯ ಕಟಿಂಗ್ ಇನ್ನೂ ನನ್ನ ಬಳಿ ಇದೆ. ಎರಡು ಕಾಲಂ, ಫೋಟೊ ಸಹಿತ. ‘ಡೀಸೆಲ್ ಇಲ್ಲದೆ ನಿಂತ ಜನರೇಟರ್, ಕತ್ತಲಲ್ಲಿ ಸಂತ್ರಸ್ತರು’. ಶೀರ್ಷಿಕೆ ಡೆಸ್ಕಿನವರದ್ದು, ತಪ್ಪು ನನ್ನದು.

ನಮ್ಮ ಮಾಮಾ ಗಜೇಂದ್ರಗಡದಲ್ಲಿ ಡೀಸೆಲ್ ಎಂಜಿನ್ ಮಿಸ್ತ್ರಿ. ಗುಡ್ಡದ ಮೇಲೆ ಗಾಳಿಯಂತ್ರಗಳು ಸುತ್ತುತ್ತಿರುತ್ತವೆ, ಕೆಳಗೆ ತಗಡಿನ ಶೆಡ್ಡಿನಲ್ಲಿ ಮಾಮಾ ಡೀಸೆಲ್ ಮಸಿಯಲ್ಲಿ ಕೂತಿರುತ್ತಾನೆ. ಹಿಟ್ಟಿನ ಗಿರಣಿಯ ಎಂಜಿನ್, ನೀರೆತ್ತುವ ಕಿರ್ಲೋಸ್ಕರ್, ಜಾತ್ರೆಯ ಲೈಟಿನ ಸೆಟ್ಟು, ಯಾವುದೂ ಬೇಡ ಎನ್ನುವುದಿಲ್ಲ. ಅವನ ಮುದ್ದಿನದು ಮಾತ್ರ ಒಂದೇ. ಪುಣೆ ಕಡೆಯ ಗುಜರಿಯವರಿಂದ ಕೊಂಡು ತಂದ ಹಳೆಯ ಮಿಲಿಟರಿ ಜನರೇಟರ್. ಎರಡು ಗಾಲಿಯ ಗಾಡಿಯ ಮೇಲೆ ಕೂತಿದೆ, ಹಸಿರು ಬಣ್ಣ ಅಲ್ಲಲ್ಲಿ ಎದ್ದಿದೆ. ಸ್ಟಾರ್ಟರ್ 24 ವೋಲ್ಟಿನದು, ಹಾಗಾಗಿ ಎರಡು ಲಾರಿ ಬ್ಯಾಟರಿ ಸಾಲಾಗಿ ಜೋಡಿಸಬೇಕು. ಫ್ರೀಕ್ವೆನ್ಸಿ ತೋರಿಸುವ ಮೀಟರಿನಲ್ಲಿ ಮುಳ್ಳಿಲ್ಲ. ಹಲ್ಲಿನ ಸಾಲಿನಂಥ ಬಿಳಿ ತುದಿಯ ಪಟ್ಟಿಗಳಿವೆ. ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ 50ರ ಪಟ್ಟಿ ಜೋರಾಗಿ ನಡುಗುತ್ತದೆ, ಅಕ್ಕಪಕ್ಕದವು ಸ್ವಲ್ಪ. ಸಣ್ಣವನಿದ್ದಾಗ ನಾನು ಅದನ್ನೇ ನೋಡುತ್ತ ನಿಲ್ಲುತ್ತಿದ್ದೆ.

ಆ ವರ್ಷ ಮಲಪ್ರಭೆ ಬಂದದ್ದು ನಿಮಗೆ ನೆನಪಿರಬೇಕು. ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟ ಮೇಲೆ ಕೊಣ್ಣೂರು, ಲಖಮಾಪುರ, ಹೊಳೆಆಲೂರು ಕಡೆಯ ಊರುಗಳಿಗೆ ಹೊಳೆ ನುಗ್ಗಿತು. ಕೊಣ್ಣೂರಿನ ಹತ್ತಿರ ಹೆದ್ದಾರಿಯೇ ಬಂದ್ ಆಯಿತು. ಹೊಳೆದಂಡೆಯ ಒಂದು ಊರಿನ ಜನ ಎತ್ತರದ ಶಾಲೆಯೊಂದರಲ್ಲಿದ್ದರು. ಕರೆಂಟ್ ಹೋಗಿ ಎರಡು ದಿನವಾಗಿತ್ತು. ಮಾಮಾ ತನ್ನ ಜನರೇಟರನ್ನು ಟ್ರ್ಯಾಕ್ಟರಿಗೆ ಕಟ್ಟಿ ಕಳಿಸಿದ. ಡೀಸೆಲ್ ನೋಡಿಕೊಳ್ಳುವ ಕೆಲಸ ಪಂಚಾಯಿತಿಯ ವಾಟರ್‌ಮನ್‌ಗೆ ಬಿತ್ತು.

ರಾತ್ರಿ ಒಂಬತ್ತರ ಸುಮಾರಿಗೆ ಎಂಜಿನ್ ಉಸಿರು ಹಿಡಿದಂತೆ ಏರಿಳಿಯತೊಡಗಿತು. ಬಲ್ಬುಗಳು ಕೆಂಪಗಾದವು, ಮತ್ತೆ ಬೆಳಗಿದವು. ಹೀಗೆ ನಾಲ್ಕೈದು ಸಲ ಆಗಿ ನಿಂತೇಬಿಟ್ಟಿತು. ಒಳಗೆ ಮಕ್ಕಳು ಒಮ್ಮೆಲೇ ಅಳಲು ಶುರು ಮಾಡಿದವು. ಯಾರೋ “ಡೀಸೆಲ್ ಮುಗೀತು” ಅಂದರು. ವಾಟರ್‌ಮನ್ “ಡೀಸೆಲ್ ಐತ್ರೀ ಸರ್” ಅಂದ. ತನ್ನ ಮೇಲೆ ಬರಬಾರದೆಂದು ಹಾಗೆ ಹೇಳುತ್ತಿದ್ದಾನೆ ಅಂತ ನನಗೆ ಅನ್ನಿಸಿತು. ಟ್ಯಾಂಕಿನ ಮುಚ್ಚಳ ನನ್ನ ಕೈಯಳತೆಯಲ್ಲಿತ್ತು. ನಾನು ತೆಗೆದು ನೋಡಲಿಲ್ಲ. ಪುಟ ಮುಗಿಯುವ ಹೊತ್ತಾಗಿತ್ತು. ಮಾಮಾನಿಗೆ ಫೋನ್ ಹಚ್ಚಿ, ಬೈಕ್ ತೆಗೆದುಕೊಂಡು ನೆಟ್‌ವರ್ಕ್ ಸಿಗುವಲ್ಲಿಗೆ ಹೋಗಿ ಸುದ್ದಿ ಕಳಿಸಿದೆ.

ಮಾಮಾ ನಡುರಾತ್ರಿ ಬಂದ. ಬಂದವನೇ ಎಂಜಿನ್ ಮುಟ್ಟಲಿಲ್ಲ, ಶಾಲೆಯ ಬೋರ್ಡಿಗೆ ಹೋದ ಕೇಬಲ್ ಮೊದಲು ಬಿಚ್ಚಿಸಿದ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಯಾರೋ ಬೋರ್ಡಿಗೇ ನೇರ ಜೋಡಿಸಿದ್ದರು. “ಇದು ಹಿಂದಕ್ಕ ಲೈನಿಗೆ ಹೋದ್ರ ಟ್ರಾನ್ಸ್‌ಫಾರ್ಮರ್‌ದಾಗ ಹನ್ನೊಂದು ಸಾವಿರ ವೋಲ್ಟ್ ಆಗ್ತೈತಿ. ಅಲ್ಲಿ ಕಂಬದ ಮ್ಯಾಲೆ ಲೈನ್‌ಮನ್ ಇದ್ರ?” ಎಂದ. ಆಮೇಲೆ ಟ್ಯಾಂಕಿಗೆ ಕಡ್ಡಿ ಇಳಿಸಿದ. ಅರ್ಧಕ್ಕಿಂತ ಜಾಸ್ತಿ ಡೀಸೆಲ್ ಇತ್ತು.

ನನಗೆ ಮಳೆಯಲ್ಲೂ ಬೆವರು ಬಂತು.

ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಗಾಡಿಯ ಹಾಗೆ ಕಿಡಿ ಬೇಡ. ಗಾಳಿ ಬೇಕು, ಆ ಗಾಳಿ ಕಾಯುವಷ್ಟು ಒತ್ತಡ ಬೇಕು, ಸರಿಯಾದ ಹೊತ್ತಿಗೆ ಡೀಸೆಲ್ ಬೇಕು. ಹೊಗೆಯ ಬಣ್ಣವೂ ಅರ್ಧ ಕತೆ ಹೇಳುತ್ತದೆ. ಕಪ್ಪಾದರೆ ಗಾಳಿ ಸಾಲದು ಇಲ್ಲವೇ ಲೋಡ್ ಹೆಚ್ಚಿದೆ, ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಬಿಳಿಯಾದರೆ ಡೀಸೆಲ್ ಸರಿಯಾಗಿ ಉರಿಯದೆ ಹೊರಬರುತ್ತಿದೆ, ಇಲ್ಲವೇ ನೀರಿದೆ. ನಿಲ್ಲುವ ಮುಂಚೆ ಹೊಗೆ ಯಾವ ಬಣ್ಣ ಇತ್ತೆಂದು ಮಾಮಾ ಕೇಳಿದ. ನನಗೆ ಗೊತ್ತಿರಲಿಲ್ಲ. ವಾಟರ್‌ಮನ್ “ಬೆಳ್ಳಗಿತ್ರೀ” ಅಂದ.

ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿದಾಗ ಮೊದಲು ಬಂದದ್ದು ಶುದ್ಧ ನೀರು. ಆಮೇಲೆ ಬ್ಯಾರಲ್ ನೋಡಿದೆವು. ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ್ದ ಬ್ಯಾರಲ್ಲಿನ ತಲೆಯ ಮೇಲೆ ಮಳೆನೀರು ಬಟ್ಟಲಿನಂತೆ ನಿಂತಿತ್ತು. ಬೂಚು ಬಿಗಿಯಾಗೇ ಇತ್ತು. ಆದರೂ ಬ್ಯಾರಲ್ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಬೂಚಿನ ಸುತ್ತಿನಿಂದ ನೀರನ್ನು ಸಣ್ಣಗೆ ಹೀರಿಕೊಳ್ಳುತ್ತದೆ. ಅದಕ್ಕೇ ಬಲ್ಲವರು ಬ್ಯಾರಲ್ ಅಡ್ಡ ಮಲಗಿಸುತ್ತಾರೆ, ಇಲ್ಲವೇ ಓರೆಯಾಗಿಡುತ್ತಾರೆ. ನೀರು ಡೀಸೆಲ್‌ಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಪೈಪು ಎಳೆಯುವುದೂ ತಳದಿಂದಲೇ.

ಟ್ಯಾಂಕಿನ ತಳ ಬಸಿದು, ಫಿಲ್ಟರ್ ಬದಲಿಸಿ, ಕೈಪಂಪು ಒತ್ತುತ್ತ ಗಾಳಿ ಬಿಡಿಸಿದ. ಸ್ಕ್ರೂ ಸಂದಿನಿಂದ ಮೊದಲು ಬುರುಗು, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್. ಆಗ ಬಿಗಿದ. ಮೂರನೇ ಸಲಕ್ಕೆ ಎಂಜಿನ್ ಹೊಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಲ್ಬು ಹತ್ತಲಿಲ್ಲ.

ಎಂಜಿನ್ ಚೆನ್ನಾಗಿ ಓಡುತ್ತಿದೆ, ವೋಲ್ಟ್ ಮುಳ್ಳು ಸೊನ್ನೆಯಲ್ಲೇ ಮಲಗಿದೆ. ಪಟ್ಟಿಗಳಲ್ಲಿ ಒಂದೂ ನಡುಗುತ್ತಿಲ್ಲ. ಬ್ರಷ್, ಫ್ಯೂಸ್ ನೋಡಿ ಮಾಮಾ ಎದ್ದು ನಿಂತ. “ಲೋಡ್ ಇದ್ದಾಗನ ಸತ್ತೈತಿ. ಅಯಸ್ಕಾಂತ ಹೋಗೈತಿ.” ಇಂಥ ಜನರೇಟರಿನ ಕಬ್ಬಿಣದಲ್ಲಿ ಹಿಂದಿನ ಓಟದ ಕಾಂತಶಕ್ತಿ ಚೂರು ಉಳಿದಿರುತ್ತದೆ. ಅದರಿಂದಲೇ ಮುಂದಿನ ಸಲ ಕರೆಂಟ್ ಹುಟ್ಟಲು ಶುರುವಾಗುತ್ತದೆ. ಲೋಡ್ ಹೊತ್ತುಕೊಂಡೇ ಎಂಜಿನ್ ಮೆಲ್ಲಗೆ ಸತ್ತರೆ ಕೆಲವೊಮ್ಮೆ ಆ ಚೂರೂ ಅಳಿಸಿಹೋಗುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಸೆಟ್ಟಿಗೂ ಇದೇ ರೋಗ.

“ಅಳಿಯಾ, ಬ್ಯಾಟ್ರಿ ತಾ” ಅಂದ. ಟಾರ್ಚ್ ಕೊಟ್ಟೆ. (ನಮ್ಮ ಕಡೆ ಎರಡಕ್ಕೂ ಒಂದೇ ಹೆಸರು.) “ಇದಲ್ಲೋ, ಲಾರಿದು!” ಎಂದು ಬೈದ. ಎಂಜಿನ್ ನಿಲ್ಲಿಸಿ, ಎಕ್ಸೈಟರ್ ಫೀಲ್ಡಿನ ಎರಡು ತಂತಿ ಬಿಚ್ಚಿ, ಕೂಡಿಸು ಕಳೆ ನೋಡಿಕೊಂಡು 12 ವೋಲ್ಟಿನ ಒಂದು ಬ್ಯಾಟರಿಯನ್ನು ಎರಡು ಮೂರು ಕ್ಷಣ ಮುಟ್ಟಿಸಿದ. ತಂತಿ ಮತ್ತೆ ಜೋಡಿಸಿದ. ಎಂಜಿನ್ ಚಾಲೂ ಮಾಡಿದಾಗ ಮುಳ್ಳು ಎದ್ದಿತು, 50ರ ಪಟ್ಟಿ ನಡುಗಿತು. ಆಗ ಬೆಳಗಿನ ಮೂರು ಗಂಟೆ. ಪೇಪರ್ ಅಚ್ಚಾಗಿ ಗಾಡಿ ಹತ್ತಿತ್ತು.

ಮಧ್ಯಾಹ್ನದೊಳಗೆ ವಾಟರ್‌ಮನ್‌ಗೆ ನೋಟಿಸು. ಡೀಸೆಲ್ ಎಲ್ಲಿ ಹೋಯಿತು ಎಂಬುದಕ್ಕೆ ವಿವರಣೆ ಕೊಡಬೇಕಿತ್ತು. ಡೆಸ್ಕಿಗೆ ಫೋನ್ ಮಾಡಿ ತಿದ್ದುಪಡಿ ಹಾಕಿ ಅಂದೆ. “ಸಣ್ಣ ಸುದ್ದಿ, ಬಿಡ್ರೀ” ಎಂಬ ಉತ್ತರ ಬಂತು. ಎರಡನೇ ಸಲ ಕೇಳುವ ಧೈರ್ಯ ನನಗಿರಲಿಲ್ಲ, ಸುದ್ದಿಗಿಷ್ಟು ಎಂದು ದುಡಿಯುವವರಿಗೆ ಆ ಧೈರ್ಯದ ಬೆಲೆ ಗೊತ್ತು. ಬದಲಿಗೆ ಕಂಡದ್ದನ್ನೆಲ್ಲ ಬಿಳಿ ಹಾಳೆಯ ಮೇಲೆ ಬರೆದೆ. ಕಡ್ಡಿ, ನೀರು, ಬ್ಯಾರಲ್ ಎಲ್ಲ ಬಂತು. ಟ್ಯಾಂಕ್ ನೋಡದೆ ಸುದ್ದಿ ಬರೆದೆ ಎಂದೂ ಬರೆದೆ. ನಾನು, ಮಾಮಾ ಇಬ್ಬರೂ ಸಹಿ ಮಾಡಿ ಕೊಟ್ಟೆವು. ನೋಟಿಸು ಅಲ್ಲಿಗೆ ನಿಂತಿತು. ತಿದ್ದುಪಡಿ ಇವತ್ತಿಗೂ ಅಚ್ಚಾಗಿಲ್ಲ. ಡಿಪ್ಲೊಮಾದಲ್ಲಿ ಐದು ‘ಡಬ್ಲ್ಯು’ ಬಾಯಿಪಾಠ ಮಾಡಿದ್ದೆ. ‘ಯಾಕೆ’ ಎಂಬುದಕ್ಕೆ ಪಾನಾ ಬೇಕಾಗುತ್ತದೆಂದು ಯಾರೂ ಹೇಳಿರಲಿಲ್ಲ.

ಜನರೇಟರ್ ಈಗ ಶೆಡ್ಡಿನಲ್ಲೇ ಇದೆ. ತಿಂಗಳಿಗೊಮ್ಮೆ ಮಾಮಾ ಓಡಿಸುತ್ತಾನೆ, ಮೊದಲು ಲೋಡ್ ತೆಗೆದು, ಐದು ನಿಮಿಷ ಖಾಲಿ ಓಡಿಸಿ ಬಂದ್ ಮಾಡುತ್ತಾನೆ. ಇದರ ನಾಝಲ್ ಸಿಗುವುದು ಕಷ್ಟ. ಹುಬ್ಬಳ್ಳಿಗೆ ಹೋಗುವಾಗೆಲ್ಲ ಅರಿವೆಯಲ್ಲಿ ಸುತ್ತಿದ ಒಂದು ನಾಝಲ್ ನನ್ನ ಬ್ಯಾಗಿನಲ್ಲಿ ಇರುತ್ತದೆ, ಸ್ಪ್ರೇ ನೋಡಿಸಿಕೊಂಡು ಬರಲು.

ಹೋದ ಮಳೆಗಾಲದಲ್ಲಿ ಆ ವಾಟರ್‌ಮನ್ ಫೋನ್ ಮಾಡಿದ್ದ. ಊರಿನ ನೀರಿನ ಪಂಪಿನ ಎಂಜಿನ್ ಚಾಲೂ ಆಗುತ್ತಿರಲಿಲ್ಲ, ಮಾಮಾನ ನಂಬರ್ ಬೇಕಿತ್ತು. ಏನಾಗಿದೆ ಅಂತ ನಾನು ಬಾಯಿ ತೆಗೆಯುವ ಮೊದಲೇ ಅವನೇ ಹೇಳಿದ: “ಡೀಸೆಲ್ ಐತ್ರೀ ಸರ್. ಕಡ್ಡಿ ಹಾಕಿ ನೋಡೇ ಫೋನ್ ಮಾಡೇನಿ.”