ಹುಳಿ ದ್ರಾಕ್ಷಿಯ ನೆಂಟಸ್ತಿಕೆ

ಕೈಗೆಟುಕದ ದ್ರಾಕ್ಷಿ ಹುಳಿ ಎಂದು ಗೊಣಗಿದ ನರಿಯನ್ನು ನೋಡಿ ನಗದವರಿಲ್ಲ. ಆದರೆ ಅದೇ ನರಿ ಜರ್ಮನಿಯ ಮೋಸೆಲ್ ನದಿಯ ದಂಡೆಗೆ ಹೋಗಿದ್ದರೆ ಯಾರೂ ನಗುತ್ತಿರಲಿಲ್ಲ. ಅಲ್ಲಿನ ದ್ರಾಕ್ಷಿ ಸುಲಭವಾಗಿ ಕೈಗೆಟುಕುವುದೂ ಇಲ್ಲ, ಹಣ್ಣಾದರೂ ಹುಳಿ ಬಿಡುವುದೂ ಇಲ್ಲ! ಬ್ರೆಮ್ ಎಂಬ ಹಳ್ಳಿಯ ಕಾಲ್ಮೋಂಟ್ ಗುಡ್ಡ ಕೆಲವೆಡೆ 60 ಡಿಗ್ರಿಗೂ ಹೆಚ್ಚು ಕಡಿದು. ಟ್ರ್ಯಾಕ್ಟರ್ ಅತ್ತ ತಲೆ ಹಾಕುವುದಿಲ್ಲ. ಒಂಟಿ ಕಂಬಿಯ ಮೇಲೆ ಹತ್ತುವ ಪುಟ್ಟ ಗಾಡಿ, ಮನುಷ್ಯನ ಕೈಕಾಲು, ಇವೇ ಗತಿ.

ಈ ಬಳ್ಳಿಯ ಹೆಸರು ರೀಸ್ಲಿಂಗ್. 1435ರಷ್ಟು ಹಿಂದೆಯೇ ರ್ಯೂಸೆಲ್ಸ್‌ಹೈಮ್ ಊರಿನ ಲೆಕ್ಕಪತ್ರದಲ್ಲಿ ಇದರ ಸಸಿ ಕೊಂಡ ಬಾಬ್ತು ನಮೂದಾಗಿದೆ. 50 ಡಿಗ್ರಿ ಉತ್ತರ ಅಕ್ಷಾಂಶದ ಆ ಚಳಿಯಲ್ಲಿ ದ್ರಾಕ್ಷಿ ಹಣ್ಣಾಗುವುದಾದರೂ ಹೇಗೆ? ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬಿಸಿಲನ್ನು ನೇರವಾಗಿ ಹಿಡಿಯುತ್ತದೆ. ನೆಲದ ತುಂಬ ಹರಡಿದ ಸ್ಲೇಟು ಕಲ್ಲು ಹಗಲೆಲ್ಲ ಕಾದು, ರಾತ್ರಿ ಆ ಶಾಖವನ್ನು ಬಳ್ಳಿಗೆ ಹಿಂದಿರುಗಿಸುತ್ತದೆ. ಹಣ್ಣು ನಿಧಾನವಾಗಿ ಮಾಗುತ್ತದೆ. ಸಿಹಿ ಏರಿದರೂ ಹುಳಿ ಇಳಿಯುವುದಿಲ್ಲ. ಆ ಹುಳಿಯಲ್ಲಿ ಮುಖ್ಯವಾದದ್ದು ಟಾರ್ಟಾರಿಕ್ ಆಮ್ಲ. ಹುಣಸೆಹಣ್ಣಿನ ಹುಳಿಯೂ ಬಹುಮಟ್ಟಿಗೆ ಅದೇ ಎಂದರೆ ಸಾರು ಮಾಡುವವರಿಗೆ ನೆಂಟಸ್ತಿಕೆ ತಾನಾಗಿ ತಿಳಿದೀತು.

ಶೀಶೆಯ ಮೇಲೆ 'ಟ್ರೊಕ್ಕನ್' ಎಂದಿರುತ್ತದೆ, ಅಂದರೆ ಒಣಗಿದ್ದು. ಹರಿಯುವ ಪದಾರ್ಥ ಒಣಗುವುದೆಂತು? ರಸದ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಡಿಮೆ ಪೂರ್ತಿ ತಿಂದು ಆಲ್ಕೋಹಾಲ್ ಮಾಡಿದೆ ಎಂಬುದಷ್ಟೇ ಇದರರ್ಥ. ಹುಳಿ ತಕ್ಕಷ್ಟಿದ್ದರೆ ಲೀಟರಿಗೆ 9 ಗ್ರಾಂವರೆಗೆ ಸಕ್ಕರೆ ಉಳಿಯಲು ಕಾನೂನಿನ ಒಪ್ಪಿಗೆಯಿದೆ.

ಇಂಥ ಹುಳಿಮುಖದ ವೈನಿಗೆ ಊಟದ ಮೇಜಿನಲ್ಲಿ ಗೆಳೆಯರು ಬಹಳ. ಬೆಣ್ಣೆಯಲ್ಲಿ ಹುರಿದ ಟ್ರೌಟ್ ಮೀನು ಮೊದಲನೆಯದು. ಮೀನಿನ ನಾತಕ್ಕೆ ಕಾರಣವಾದ ಅಮೈನುಗಳನ್ನು ಆಮ್ಲ ಅಡಗಿಸುತ್ತದೆ, ನಾಲಿಗೆಗಂಟಿದ ಜಿಡ್ಡಿನ ಭಾರ ಇಳಿಸುತ್ತದೆ. ಮೀನಿನ ಮೇಲೆ ನಿಂಬೆ ಹಿಂಡುವ ಕೈಗೂ ಇದೇ ಗುಟ್ಟು ಗೊತ್ತು. ಹಂದಿಮಾಂಸದ ಜತೆಗೆ ಹುಳಿ ಬಂದ ಎಲೆಕೋಸು, ಮೇಕೆಹಾಲಿನ ಚೀಸ್, ಜೂನ್ 24ರವರೆಗೆ ಮಾತ್ರ ಕೀಳುವ ಬಿಳಿ ಆಸ್ಪರಾಗಸ್ ಇವೂ ಒಗ್ಗುತ್ತವೆ. ಆದರೆ ಸಿಹಿತಿಂಡಿಯ ಪಕ್ಕದಲ್ಲಿಟ್ಟರೆ ಅದು ಬರಿಯ ಹುಳಿನೀರು. ಮೆಣಸಿನಕಾಯಿಯೊಂದಿಗೂ ಪಂಕ್ತಿ ಕೂಡದು. ಆಲ್ಕೋಹಾಲ್ ಖಾರದ ಉರಿಯನ್ನು ಹೆಚ್ಚಿಸುತ್ತದೆ. ಖಾರಕ್ಕೆ ತುಸು ಸಿಹಿ ಉಳಿಸಿಕೊಂಡ, ಆಲ್ಕೋಹಾಲ್ ಕಡಿಮೆಯಿರುವ ರೀಸ್ಲಿಂಗೇ ಮೇಲು.

ಈ ಗೆಳೆತನಕ್ಕೀಗ ಕುತ್ತು ಬಂದಿದೆ. ಹಿಂದೆ ಎಷ್ಟೋ ವರ್ಷ ಹಣ್ಣು ಸರಿಯಾಗಿ ಮಾಗದೆ, ಸಿಹಿ ಉಳಿಸದಿದ್ದರೆ ವೈನ್ ಹಲ್ಲು ಚುಳ್ಳೆನಿಸುತ್ತಿತ್ತು. ಈಗ ಭೂಮಿ ಬಿಸಿಯಾಗಿ ಹಣ್ಣು ಬೇಗ ಮಾಗುತ್ತಿದೆ, ಒಣ ವೈನ್ ಮಾಡುವುದು ಸಲೀಸಾಗಿದೆ. ಬೆಳೆಗಾರನಿಗೆ ಇದು ಮೊದಮೊದಲು ವರವೆಂದೇ ಕಂಡಿತು. ಆದರೆ ಸೆಕೆ ಏರಿದಂತೆ ಹಣ್ಣಿನ ಮ್ಯಾಲಿಕ್ ಆಮ್ಲ ಕರಗುತ್ತದೆ. ಯಾವ ಹುಳಿಯನ್ನು ತಗ್ಗಿಸಲು ಅವನ ಅಜ್ಜ ಹೆಣಗಿದನೋ ಅದನ್ನೇ ಉಳಿಸಿಕೊಳ್ಳಲು ಮೊಮ್ಮಗ ತಂಪು ಜಾಗ ಹುಡುಕುವ ಕಾಲ ಇದು. ಅದೂ ಮೊಮ್ಮಗ ಊರಲ್ಲಿ ಉಳಿದಿದ್ದರೆ! ಅಷ್ಟು ಕಡಿದಾದ ಗುಡ್ಡ ಹತ್ತಿ ದುಡಿಯುವವರಿಲ್ಲದೆ ಎಷ್ಟೋ ತೋಟಗಳಲ್ಲಿ ಮುಳ್ಳುಕಂಟಿ ಬೆಳೆದಿದೆ.

ಸಂಜೆ ಮೊಣಕಾಲು ನೀವಿಕೊಳ್ಳುತ್ತ ಇಳಿದು ಬರುವ ಮುದುಕನ ತಟ್ಟೆಯಲ್ಲಿ ಒಂದು ಮೀನು, ಪಕ್ಕದಲ್ಲಿ ಒಂದು ಲೋಟ. ಆ ಲೋಟದಲ್ಲಿರುವುದು ಕೇವಲ ಹುಳಿಯಲ್ಲ, ಹತ್ತಿಳಿದ ಗುಡ್ಡವೂ ಹೌದು. ನರಿಗೆ ಇದು ತಿಳಿದಿರಲಿಲ್ಲ. ಎಟುಕದ್ದಕ್ಕೆ ಹುಳಿ ಎಂದು ಹೆಸರಿಟ್ಟು ಅದು ಹೊರಟುಹೋಯಿತು. ಹುಳಿ ಎಂದು ತಿಳಿದೂ ಹತ್ತಿದವನು ಮನುಷ್ಯ.