ಅಣ್ಣನ ಟೊಪ್ಪಿಗೆಯೊಡನೆ ಕುಲ್ಲೂ ಕಣಿವೆಗೆ

ಪ್ರವಾಸಕ್ಕೆ ಹೊರಡುವವರು ಹಣ, ಟಿಕೇಟು, ಔಷಧಗಳ ಚಿಂತೆಯನ್ನು ಜೊತೆಗೇ ಕಟ್ಟಿಕೊಂಡು ಹೊರಡುವುದು ವಾಡಿಕೆ. 2024ರ ದೀಪಾವಳಿಯ ಮರುವಾರ ಹಿಮಾಚಲ ಪ್ರದೇಶದ ಕುಲ್ಲೂ ಕಣಿವೆಗೆ ಹೊರಟಾಗ ನನಗೂ ನನ್ನ ಶ್ರೀಮತಿಗೂ ಇವೆಲ್ಲಕ್ಕಿಂತ ದೊಡ್ಡ ಚಿಂತೆಯೊಂದು ಅಂಟಿಕೊಂಡಿತ್ತು. ಅದು ಒಂದು ಉಣ್ಣೆಯ ಟೊಪ್ಪಿಗೆಯ ಚಿಂತೆ.

ಆ ಟೊಪ್ಪಿಗೆ ನನ್ನದಲ್ಲ, ನನ್ನ ಅಣ್ಣನವರದು. 1974ರಿಂದ ಎರಡು ವರ್ಷ ಅವರು ಮನಾಲಿಯ ಆಚೆಗಿನ ರಸ್ತೆ ಕಾಮಗಾರಿಯಲ್ಲಿದ್ದರು. ಚಳಿಗಾಲದಲ್ಲಿ ಕೆಲಸ ನಿಂತಾಗ ಕೆಳಗಿನ ನಗ್ಗರ್ ಗ್ರಾಮದ ಒಂದು ಮನೆಯಲ್ಲಿ ಕೋಣೆ ಹಿಡಿದು ಇರುತ್ತಿದ್ದರು. ಧಾರವಾಡಕ್ಕೆ ಮರಳುವ ದಿನ ಆ ಮನೆಯ ಹಿರಿಯ ತಾಯಿ ತಾವೇ ನೆಯ್ದ ಬಣ್ಣದ ಪಟ್ಟಿಯನ್ನು ಹೊಲಿದು ಸಿದ್ಧಪಡಿಸಿದ ಟೊಪ್ಪಿಗೆಯನ್ನು ಅವರ ತಲೆಗೆ ತೊಡಿಸಿ ಕಳುಹಿಸಿದರಂತೆ. ಮುಂದೆ ನಲವತ್ತಕ್ಕೂ ಹೆಚ್ಚು ವರ್ಷ ಮಾರ್ಗಶಿರ, ಪುಷ್ಯ ಮಾಸಗಳ ಬೆಳಗಿನ ತಿರುಗಾಟಕ್ಕೆ ಅಣ್ಣ ಅದನ್ನು ತೊಟ್ಟೇ ಹೊರಡುತ್ತಿದ್ದರು. ಓಣಿಯ ಮಕ್ಕಳಿಗೆ ಅವರು ‘ಟೊಪ್ಪಿಗಿ ಅಜ್ಜ’. 2019ರಲ್ಲಿ ಅಣ್ಣ ಲಿಂಗೈಕ್ಯರಾದ ಮೇಲೆ ಅವರ ಅಂಗಿ, ಧೋತರ, ಬೆತ್ತಗಳೆಲ್ಲ ಬೇಡಿದವರ ಪಾಲಾದವು. ಟೊಪ್ಪಿಗೆಯೊಂದನ್ನು ಮಾತ್ರ ಅತ್ತಿಗೆಯವರು ಯಾರಿಗೂ ಕೊಡದೆ ಟ್ರಂಕಿನಲ್ಲಿಟ್ಟರು.

ನಾವು ಕುಲ್ಲೂವಿಗೆ ಹೋಗುವ ಸುದ್ದಿ ಕೇಳಿ ಅವರೇ ಅದನ್ನು ಹೊರತೆಗೆದರು. ಮೊಣಕಾಲು ನೋವಿನಿಂದ ತಾವು ಬರಲಾರರು. ಆದರೆ ಆ ಮನೆಯವರು ಇದನ್ನೊಮ್ಮೆ ನೋಡಬೇಕೆಂಬುದು ಅವರ ಆಸೆ. ಗುಳೇದಗುಡ್ಡದ ಖಣದ ತುಂಡೊಂದರಲ್ಲಿ ಸುತ್ತಿ ನನ್ನ ಕೈಗಿಟ್ಟು, “ತಮ್ಮಾ, ತೋರಿಸಿಕೊಂಡು ಬಾ. ತಲೀ ಮ್ಯಾಲೆ ಇಟ್ಕೊಂಡು ಮೆರೀಬ್ಯಾಡ. ನನ್ನ ಕಡೆ ಉಳಿದಿದ್ದು ಇದೊಂದ” ಎಂದರು. ಆ ಕಡೆಯ ಮಾತು ನನ್ನ ಹೆಗಲೇರಿ ಕುಳಿತಿತು.

ಹುಬ್ಬಳ್ಳಿಯಿಂದ ದಿಲ್ಲಿಗೆ ಹೋಗುವ ರೈಲಿನಲ್ಲಿಯೇ ನನ್ನ ಪರೀಕ್ಷೆ ಆರಂಭವಾಯಿತು. ಪೆಟ್ಟಿಗೆಯಲ್ಲಿಟ್ಟರೆ ಪೆಟ್ಟಿಗೆ ಹೋದೀತು, ಕೈಚೀಲದಲ್ಲಿಟ್ಟರೆ ಚೀಲ ಮರೆತೀತು. ಹೀಗೆ ಎರಡು ತಾಸು ಯೋಚಿಸಿ, ಕೊನೆಗೆ ರೈಲಿನವರು ಕೊಟ್ಟ ತಲೆದಿಂಬಿನ ಗವಸಿನೊಳಗೇ ಅದನ್ನು ತುರುಕಿ, ಅದರ ಮೇಲೆ ತಲೆಯಿಟ್ಟು ಮಲಗಿದೆ. ಇದಕ್ಕಿಂತ ಭದ್ರವಾದ ಸ್ಥಳ ಇನ್ನಾವುದು? ಕೊನೆಯ ದಿನ ಬೆಳಗ್ಗೆ ಮುಖ ತೊಳೆದು ಬರುವಷ್ಟರಲ್ಲಿ ಹಾಸಿಗೆ ಹೊದಿಕೆಗಳನ್ನು ಒಟ್ಟುಗೂಡಿಸುವ ಹುಡುಗ ನಮ್ಮ ಸಾಲನ್ನು ಮುಗಿಸಿ ಹೋಗಿದ್ದ. ದಿಲ್ಲಿ ಇನ್ನು ಅರ್ಧ ತಾಸಿನ ದಾರಿ. ಬೋಗಿಯ ಕೊನೆಯಲ್ಲಿ ಎದೆಮಟ್ಟದ ಬಿಳಿ ಬಟ್ಟೆಯ ಮೂಟೆಗಳು. ನಾನೂ ನನ್ನ ಶ್ರೀಮತಿಯೂ ಆ ಹುಡುಗನೂ ನೆಲದ ಮೇಲೆ ಕುಳಿತು ಒಂದೊಂದೇ ಗವಸನ್ನು ಕೊಡವಿದೆವು. ಎಷ್ಟನೆಯದರಲ್ಲಿ ಸಿಕ್ಕಿತೋ ನಾನು ಎಣಿಸಲಿಲ್ಲ. ಖಣದ ಅಂಚು ಕಂಡಾಗ ಕಣ್ಣಲ್ಲಿ ನೀರು ಬಂದುದಂತೂ ನಿಜ. “ಇದರೊಳಗೆ ಬಂಗಾರ ಇದೆಯೇನು?” ಎಂದು ಹುಡುಗ ಕೇಳಿದ. ಬಿಚ್ಚಿ ತೋರಿಸಿದೆವು. ಅವನ ಮುಖದಲ್ಲಿ ನಿರಾಸೆ ಮೂಡಿತು. ಅಂದಿನಿಂದ ಟೊಪ್ಪಿಗೆಯ ಆಡಳಿತವನ್ನು ನನ್ನ ಶ್ರೀಮತಿ ತಾವೇ ವಹಿಸಿಕೊಂಡರು. ಅದು ಸರಿಯಾದ ತೀರ್ಮಾನವೇ.

ದಿಲ್ಲಿಯಿಂದ ಕುಲ್ಲೂವಿಗೆ ಒಂದು ರಾತ್ರಿಯ ಬಸ್ ಪ್ರಯಾಣ. ಬೆಳಕು ಹರಿಯುವ ಹೊತ್ತಿಗೆ ಮಂಡಿ ದಾಟಿ, ಪಂಡೋಹ್ ಅಣೆಕಟ್ಟಿನ ಹಸಿರು ನೀರಿನ ಪಕ್ಕದಲ್ಲಿ ಸಾಗುತ್ತಿದ್ದೆವು. ಔಟ್ ಎಂಬಲ್ಲಿ ಸುಮಾರು 3 ಕಿಲೋಮೀಟರ್ ಉದ್ದದ ಸುರಂಗವನ್ನು ಹೊಕ್ಕು ಹೊರಬಂದರೆ ಕುಲ್ಲೂ ಕಣಿವೆ ತೆರೆದುಕೊಳ್ಳುತ್ತದೆ. ಭುಂತರ್‌ನಲ್ಲಿ ಪಾರ್ವತಿ ನದಿ ಬಂದು ಬಿಯಾಸ್ ನದಿಯನ್ನು ಸೇರುತ್ತದೆ. ನಮ್ಮ ಪುರಾಣಗಳ ವಿಪಾಶಾ ನದಿಯೇ ಈ ಬಿಯಾಸ್. ನವೆಂಬರಿನಲ್ಲಿ ಅದು ಸೌಮ್ಯ. ಆದರೆ 2023ರ ಜುಲೈಯಲ್ಲಿ ಇದೇ ನದಿ ಉಕ್ಕಿ ಮನಾಲಿಯ ಹೆದ್ದಾರಿಯನ್ನು ಅಲ್ಲಲ್ಲಿ ಕೊಚ್ಚಿಕೊಂಡು ಹೋಗಿತ್ತು. ಆ ಗಾಯಗಳು ದಂಡೆಯ ಉದ್ದಕ್ಕೂ ಕಾಣುತ್ತಿದ್ದವು. ಆನೆಗಾತ್ರದ ಬಂಡೆಗಳ ನಡುವೆ ಯಾರದೋ ಮನೆಯ ಕಬ್ಬಿಣದ ಗೇಟು ಬಾಗಿ ನಿಂತಿತ್ತು.

ಕುಲ್ಲೂ ಪೇಟೆಯಲ್ಲಿ ಮೊದಲು ಗಮನ ಸೆಳೆಯುವುದು ಜನರ ತಲೆಗಳು. ಹಣ್ಣಿನ ವ್ಯಾಪಾರಿ, ಬಸ್ಸಿನ ಕಂಡಕ್ಟರ್, ಹೊರೆ ಹೊತ್ತ ಮುದುಕ ಎಲ್ಲರೂ ಟೊಪ್ಪಿಗೆಯವರೇ. ದುಂಡನೆಯ ಸುತ್ತು, ಚಪ್ಪಟೆ ನೆತ್ತಿ, ಬೂದು ಅಥವಾ ಕಂದು ಉಣ್ಣೆ, ಹಣೆಯ ಮೇಲೆ ಬಣ್ಣದ ಪಟ್ಟಿ. ಪಟ್ಟಿಯ ಮೇಲೆ ಕೆಲವರು ಹೂವನ್ನೂ ಸಿಕ್ಕಿಸಿಕೊಳ್ಳುತ್ತಾರೆ. ಪೂರ್ವದ ಬುಶಹರ್ ಮತ್ತು ಕಿನ್ನೌರ್ ಕಡೆಯ ಟೊಪ್ಪಿಗೆಗೆ ನೇಯ್ದ ಪಟ್ಟಿಯ ಬದಲು ಹಸಿರು ಮಖಮಲ್ಲು. ಈ ಬಣ್ಣಗಳು ರಾಜಕೀಯಕ್ಕೂ ಇಳಿದಿದ್ದವು: ಮುಖ್ಯಮಂತ್ರಿಗಳಾಗಿದ್ದ ವೀರಭದ್ರ ಸಿಂಗ್ ಅವರದು ಹಸಿರು, ಪ್ರೇಮ್ ಕುಮಾರ್ ಧೂಮಲ್ ಅವರದು ಕೆಂಗಂದು. ತಲೆ ನೋಡಿ ಪಕ್ಷ ಹೇಳುವ ಕಾಲವೂ ಇತ್ತೆಂದು ನಮ್ಮ ಟ್ಯಾಕ್ಸಿ ಚಾಲಕ ನಕ್ಕ. ಅತಿಥಿಗೆ ಟೊಪ್ಪಿಗೆ ತೊಡಿಸುವುದು ಅಲ್ಲಿ ದೊಡ್ಡ ಮರ್ಯಾದೆ. ನಮ್ಮ ಕನ್ನಡದಲ್ಲಿ ‘ಟೋಪಿ ಹಾಕುವುದು’ ಎಂದರೇನೆಂದು ವಿವರಿಸಿದಾಗ ಆತ ಬಂಡಿ ನಿಲ್ಲಿಸಿ ನಗಬೇಕಾಯಿತು.

ಕುಲ್ಲೂವಿನಿಂದ ಮನಾಲಿಗೆ ಸುಮಾರು 40 ಕಿಲೋಮೀಟರ್. ಹೆದ್ದಾರಿ ನದಿಯ ಬಲದಂಡೆಯಲ್ಲಿ ಸಾಗುತ್ತದೆ. ನಡುದಾರಿಯ ಪತ್ಲಿಕೂಹಲ್‌ನಲ್ಲಿ ಸೇತುವೆ ದಾಟಿ ಎಡದಂಡೆಯ ಗುಡ್ಡ ಹತ್ತಿದರೆ ನಗ್ಗರ್. ಕುಲ್ಲೂ ಅರಸರು 17ನೆಯ ಶತಮಾನದಲ್ಲಿ ಕೆಳಗಿನ ಸುಲ್ತಾನಪುರಕ್ಕೆ ಹೋಗುವವರೆಗೆ ಇದೇ ಅವರ ರಾಜಧಾನಿ. ಅವರ ಕೋಟೆಮನೆ ಇಂದಿಗೂ ಗಟ್ಟಿಯಾಗಿ ನಿಂತಿದೆ. ಒಂದು ಸಾಲು ಕಲ್ಲು, ಒಂದು ಸಾಲು ದೇವದಾರು ತೊಲೆ ಹೀಗೆ ಜೋಡಿಸಿ ಕಟ್ಟಿದ ಗೋಡೆಗಳು. 1905ರಲ್ಲಿ ಕಾಂಗ್ಡಾ ಪ್ರಾಂತವನ್ನು ನೆಲಸಮ ಮಾಡಿದ ಭೂಕಂಪದಲ್ಲಿಯೂ ಈ ಕಟ್ಟಡ ಉಳಿಯಿತು.

ಊರಿನ ಮೇಲುಗಡೆ ರಷ್ಯಾದ ಚಿತ್ರಕಾರ ನಿಕೋಲಸ್ ರೋರಿಕ್ ವಾಸವಾಗಿದ್ದ ಮನೆ ಇದೆ. 1928ರಲ್ಲಿ ಇಲ್ಲಿ ನೆಲೆಸಿದ ಅವರು 1947ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ಮಗ ಸ್ವೆತೊಸ್ಲಾವ್ ರೋರಿಕ್ ಮತ್ತು ಸೊಸೆ, ಚಿತ್ರನಟಿ ದೇವಿಕಾರಾಣಿ, ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ಬಹುಕಾಲ ಬಾಳಿದ್ದನ್ನು ಓದುಗರು ಬಲ್ಲರು. ಈ ಹಿಮಶಿಖರಗಳ ನಡುವೆ ನಮ್ಮ ಬೆಂಗಳೂರಿನ ಹೆಸರು ಕೇಳಿದಾಗ ನೆಂಟರ ಮನೆಗೆ ಬಂದಷ್ಟು ಸಂತೋಷವಾಯಿತು. ಆದರೆ ಚಿತ್ರಗಳ ಮುಂದೆ ಹೆಚ್ಚು ಹೊತ್ತು ನಿಲ್ಲಲು ಮನಸ್ಸು ಕೇಳಲಿಲ್ಲ. ಶ್ರೀಮತಿಯವರ ಚೀಲದ ಕಡೆಗೇ ನನ್ನ ಕಣ್ಣು.

ಅಣ್ಣನ ಹಳೆಯ ಕಪ್ಪು ಬಿಳುಪು ಭಾವಚಿತ್ರವೊಂದನ್ನು ಹಿಡಿದು ಮನೆ ಹುಡುಕಿದೆವು. ಚಿತ್ರದಲ್ಲಿದ್ದ ಮರದ ಮೊಗಸಾಲೆಯ ಮನೆಯ ಜಾಗದಲ್ಲಿ ಈಗ ಸಿಮೆಂಟಿನ ಎರಡು ಅಂತಸ್ತು. ಆ ತಾಯಿ ತೀರಿಕೊಂಡು 30 ವರ್ಷಗಳೇ ಆಗಿದ್ದವು. ಅವರ ಮೊಮ್ಮಗನ ಹೆಂಡತಿ, ಸುಮಾರು ನಲವತ್ತರ ಹೆಣ್ಣುಮಗಳು, ಕೆಳಗಿನ ಕೋಣೆಯಲ್ಲಿ ಮಗ್ಗದ ಮುಂದೆ ಕುಳಿತಿದ್ದಳು. ನನ್ನ ಹರಕು ಹಿಂದಿಯಲ್ಲಿ ವಿಷಯ ತಿಳಿಸಿ, ಖಣ ಬಿಚ್ಚಿ ಟೊಪ್ಪಿಗೆಯನ್ನು ಅವಳ ಮುಂದೆ ಹಿಡಿದೆ. ಅವಳು ಮಾತನಾಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಿಂದ ತೆಗೆದುಕೊಂಡು, ಹಣೆಯ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸುತ್ತ ಕಿಟಕಿಯ ಬೆಳಕಿಗೆ ಹೋದಳು.

ಆಮೇಲೆ ತಿಳಿದ ಸಂಗತಿ ಇದು. ಅಜ್ಜಿ ನೆಯ್ದ ವಸ್ತು ಒಂದಾದರೂ ಆ ಮನೆಯಲ್ಲಿ ಉಳಿದಿರಲಿಲ್ಲ. ನೆಯ್ದುದೆಲ್ಲ ಮಾರಾಟಕ್ಕೆ, ಮನೆಯವರು ತೊಟ್ಟದ್ದು ತೊಟ್ಟು ಹರಿದುಹೋಯಿತು, ಇಟ್ಟದ್ದನ್ನು ಹುಳ ತಿಂದಿತು. ಕೆಂಪು ಮೆಟ್ಟಿಲುಗಳ ನಡುವೆ ಹಳದಿ ವಜ್ರಾಕೃತಿ, ಅದರ ಒಡಲಲ್ಲಿ ಕಪ್ಪು ಗೆರೆ ಬರುವ ಈ ವಿನ್ಯಾಸವನ್ನು ಅತ್ತೆಯ ಬಾಯಿಂದ ಕೇಳಿದ್ದಳೇ ಹೊರತು ಅವಳು ಕಣ್ಣಾರೆ ಕಂಡಿರಲಿಲ್ಲ. ನೆನಪಿನ ಮೇಲೆ ಎರಡು ಬಾರಿ ನೆಯ್ದು ನೋಡಿ, ಸರಿಬಾರದೆ ಬಿಚ್ಚಿದ್ದಳಂತೆ.

ಕುಲ್ಲೂವಿನ ನೇಯ್ಗೆ ಮೊದಲು ಸಾದಾ ಆಗಿತ್ತು. 1940ರ ಸುಮಾರಿಗೆ ಬುಶಹರದ ನೇಕಾರರು ಬಂದ ಮೇಲೆ ಇಲ್ಲಿ ಬಣ್ಣದ ವಿನ್ಯಾಸಗಳು ಬೇರೂರಿದವೆಂದು ಹೇಳುತ್ತಾರೆ. ಹಾಸಿನ ಎಳೆಗಳ ನಡುವೆ ಬಣ್ಣಬಣ್ಣದ ಹೊಕ್ಕನ್ನು ಬೆರಳಿನಿಂದಲೇ ಎಣಿಸಿ ತೂರಿಸಬೇಕು. ಒಂದು ಎಳೆ ತಪ್ಪಿದರೆ ಮುಂದಿನ ಸಾಲೆಲ್ಲ ಓರೆ. ಪೇಟೆಯಲ್ಲಿ ಮಾರುವ ಅಗ್ಗದ ಟೊಪ್ಪಿಗೆಗಳಲ್ಲಿ ಯಂತ್ರದ ಪಟ್ಟಿಗಳೇ ಹೆಚ್ಚೆಂದು ಹೇಳಿ, ಎರಡನ್ನೂ ಮಗುಚಿ ನಮಗೆ ಭೇದ ತೋರಿಸಿದಳು. ಯಂತ್ರದ್ದರ ಹಿಂಬದಿಯಲ್ಲಿ ಬಣ್ಣದ ಎಳೆಗಳು ಉದ್ದಕ್ಕೆ ಜೋತು ಬಿದ್ದಿದ್ದವು. ಕೈಯದರಲ್ಲಿ ಪ್ರತಿಯೊಂದು ಬಣ್ಣವೂ ತನ್ನ ಆಕೃತಿಯ ಗಡಿ ಮುಟ್ಟಿ ಅಲ್ಲಿಂದಲೇ ಹಿಂದಿರುಗಿತ್ತು.

ಟೊಪ್ಪಿಗೆಯ ಒಳಬಟ್ಟೆಯನ್ನು ಸ್ವಲ್ಪ ಎತ್ತಿ ನೋಡಿದವಳೇ ನಾಲಿಗೆ ಕಚ್ಚಿಕೊಂಡಳು. ಉಣ್ಣೆಯಲ್ಲಿ ಸಾಸಿವೆಯಷ್ಟು ದೊಡ್ಡ ಮೂರು ತೂತು! ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಮುಚ್ಚಿಟ್ಟಿದ್ದೇವೆಂದು ನನ್ನ ಶ್ರೀಮತಿ ಹೇಳಿದರು. ಗುಳಿಗೆ ಕರಗಿ ಹೋದ ಮೇಲೆ ಮುಚ್ಚಿದ ಕತ್ತಲೆಯೇ ಹುಳಕ್ಕೆ ಅನುಕೂಲ ಎಂದು ಅವಳ ಉತ್ತರ. ಉಣ್ಣೆಯನ್ನು ತಿನ್ನುವುದು ಹಾರುವ ಪತಂಗವಲ್ಲ, ಅದು ಇಟ್ಟ ತತ್ತಿಯಿಂದ ಬರುವ ಮರಿಹುಳ. ತಲೆಯ ಬೆವರು, ಎಣ್ಣೆ ಹತ್ತಿದ ಭಾಗವೆಂದರೆ ಅದಕ್ಕೆ ಬಲು ಪ್ರೀತಿ. ಆಗಾಗ ಬಿಸಿಲಿಗೆ ಹರವಿ ಕೊಡವಬೇಕು. ಬಸ್ಸು, ರೈಲು, ಗಾಳಿ, ಕಳ್ಳರೆಂದು ನಾನು ಭಯಪಡುತ್ತಿದ್ದಾಗ ಟೊಪ್ಪಿಗೆ ಅತ್ತಿಗೆಯವರ ಟ್ರಂಕಿನಲ್ಲಿಯೇ ಸದ್ದಿಲ್ಲದೆ ಕಳೆದುಹೋಗುತ್ತಿತ್ತು.

ಸರಿಪಡಿಸಿಕೊಡುತ್ತೇನೆ, ಆದರೆ ಎರಡು ರಾತ್ರಿ ಬಿಟ್ಟು ಹೋಗಬೇಕು ಎಂದಳು. ಒಳಬಟ್ಟೆ ಬಿಚ್ಚಿದಾಗ ಪಟ್ಟಿಯ ಹಿಂಬದಿ ಕಾಣುತ್ತದೆ, ಎಳೆ ಎಣಿಸಿಕೊಳ್ಳಲು ಅಪ್ಪಣೆ ಕೊಡಬೇಕೆಂದೂ ಕೇಳಿದಳು. ನಾನು ತಡವರಿಸಿದೆ. ಶ್ರೀಮತಿ ತಡಮಾಡದೆ “ಇಟ್ಟುಕೊಳ್ಳಮ್ಮಾ” ಎಂದುಬಿಟ್ಟರು. ಆ ಎರಡು ರಾತ್ರಿ ವಸತಿಗೃಹದ ರಜಾಯಿಯ ಕೆಳಗೆ ನನಗೆ ನಿದ್ದೆ ಬಂದಿತೆಂದು ಹೇಳಲಾರೆ. ನಡುವಿನ ದಿನ ಮನಾಲಿಗೆ ಹೋದೆವು. 1553ರಲ್ಲಿ ಕಟ್ಟಿದ ಹಿಡಿಂಬಾ ದೇವಿಯ ಮರದ ಗುಡಿಯನ್ನು ದೇವದಾರು ಕಾಡಿನ ನಡುವೆ ಕಂಡೆವು. ಅಣ್ಣ ಕೆಲಸ ಮಾಡಿದ ರೋಹ್ತಾಂಗ್ ಕಣಿವೆಬಾಯಿ 3,978 ಮೀಟರ್ ಎತ್ತರದಲ್ಲಿದೆ. 2020ರಲ್ಲಿ ಅದರ ಕೆಳಗೆ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಲಾಹೌಲಿಗೆ ಹೋಗುವವರು ಆ ಹತ್ತುದಾರಿ ಹಿಡಿಯಬೇಕಾಗಿಲ್ಲ. ಹತ್ತೇ ಹದಿನೈದು ನಿಮಿಷದಲ್ಲಿ ನಾವು ಆಚೆ ಬದಿಗೆ ಹೋಗಿ ಬಂದೆವು. ಅಣ್ಣ ಇದನ್ನು ನೋಡಿದ್ದರೆ ಏನೆನ್ನುತ್ತಿದ್ದರೋ! ಹಿಮಗಾಳಿಗೆ ಕಿವಿ ಸೆಟೆದಾಗ ಅವರಿಗೆ ಆ ಟೊಪ್ಪಿಗೆ ಯಾಕೆ ಬೇಕಾಗಿತ್ತೆಂಬುದು ಧಾರವಾಡದಲ್ಲಿ ತಿಳಿಯದದ್ದು ಅಲ್ಲಿ ತಿಳಿಯಿತು.

ಮೂರನೆಯ ದಿನ ಬೆಳಗ್ಗೆ ಹೋದಾಗ ಟೊಪ್ಪಿಗೆ ಕಿಟಕಿಯ ಬಿಸಿಲಿನಲ್ಲಿತ್ತು. ತೂತುಗಳಿದ್ದ ಸ್ಥಳವನ್ನು ನಾನು ಹುಡುಕಬೇಕಾಯಿತು. ಬಿಚ್ಚಿದ ಹಳೆಯ ದಾರವನ್ನು ಸಹ ಅವಳು ಬಿಸುಡದೆ ಕಾಗದದಲ್ಲಿ ಮಡಿಚಿಟ್ಟಿದ್ದಳು. ಪಕ್ಕದಲ್ಲಿ ಮಗಳ ಗಣಿತದ ಚೌಕುಳಿ ಪುಸ್ತಕ. ಅದರ ನಾಲ್ಕು ಪುಟಗಳಲ್ಲಿ ಅಜ್ಜಿಯ ಪಟ್ಟಿ ಚೌಕ ಚೌಕವಾಗಿ, ಬಣ್ಣದ ಪೆನ್ಸಿಲಿನಲ್ಲಿ ಇಳಿದಿತ್ತು. ತಾನು ನೆನಪಿನ ಮೇಲೆ ನೆಯ್ದಾಗ ಎಲ್ಲಿ ತಪ್ಪಿದ್ದೆನೆಂದೂ ತೋರಿಸಿದಳು. ಹಳದಿಯ ಅಂಚಿನಲ್ಲಿ ಎರಡು ಎಳೆ ಕಡಿಮೆ ಹಿಡಿದಿದ್ದಳು, ಅಷ್ಟೇ. ಕೂಲಿಯೆಂದು ಕೊಟ್ಟ ಹಣವನ್ನು ಮುಟ್ಟಲಿಲ್ಲ.

ಆದರೆ ಟೊಪ್ಪಿಗೆಯನ್ನು ನಮಗೆ ಕೊಡುವಾಗ ಅವಳ ಕೈ ಒಂದು ಗಳಿಗೆ ನಿಂತುದನ್ನು ನಾನು ಗಮನಿಸಿದೆ. ಅಂಗಳಕ್ಕೆ ಬಂದು ಅತ್ತಿಗೆಯವರಿಗೆ ಫೋನು ಮಾಡಿದೆ. ಈ ಮನೆಯಲ್ಲಿ ಅಜ್ಜಿಯ ಕೈಕೆಲಸ ಬೇರೇನೂ ಉಳಿದಿಲ್ಲವೆಂಬುದನ್ನು ಹೇಳಿದೆ. ಬಹಳ ಹೊತ್ತು ಅವರು ಮಾತನಾಡಲಿಲ್ಲ.

“ಆಕಿ ಕೇಳಿದಳೇನು?”

“ಇಲ್ಲ ಅತ್ತಿಗೀ, ಕೇಳಲಿಲ್ಲ.”

“ಕೇಳಿದ್ದರ ಇಲ್ಲ ಅನ್ನೂದು ನನಗ ಆಗ್ತಿದ್ದಿಲ್ಲ. ಕೇಳಿಲ್ಲಲ್ಲ, ತಗೊಂಡು ಬಾ” ಎಂದರು. ಸ್ವಲ್ಪ ತಡೆದು, “ಸುತ್ತಿ ಕೊಟ್ಟಿದ್ದೆನಲ್ಲ, ಆ ಖಣ ಆಕಿಗೆ ಇರಲಿ. ಅದೂ ಕೈಮಗ್ಗದ್ದ ಅಂತ ಹೇಳು” ಎಂದರು.

ಹೇಳಿದೆ. ಅವಳು ಖಣವನ್ನು ಮೊದಲು ಮಗುಚಿ ಅದರ ಹಿಂಬದಿಯನ್ನು ನೋಡಿದಳು. ಟೊಪ್ಪಿಗೆ ಹಳೆಯ ಹಿಂದಿ ಪತ್ರಿಕೆಯ ಹಾಳೆಯಲ್ಲಿ ಸುತ್ತಿಕೊಂಡು ನನ್ನ ಶ್ರೀಮತಿಯ ಮಡಿಲಲ್ಲಿ ಧಾರವಾಡಕ್ಕೆ ಬಂದಿತು. ಈಗ ಪ್ರತಿ ತಿಂಗಳೂ ಒಂದು ದಿನ ಅದು ಅತ್ತಿಗೆಯವರ ಅಂಗಳದ ಕಟ್ಟೆಯ ಮೇಲೆ ಬಿಸಿಲು ಕಾಯುತ್ತದೆ. ಕಾಗೆ ಒಯ್ದೀತೆಂದು ಅವರು ಪಕ್ಕದಲ್ಲಿ ಕೋಲು ಹಿಡಿದು ಕುಳಿತಿರುತ್ತಾರೆ.