ಮೂಕ ಬೆನ್ನಿನ ದೂರು

ಕಳೆದ ರಜೆಯಲ್ಲಿ ಪುತ್ತೂರಿನಿಂದ ಮಕ್ಕಳನ್ನು ಕರೆದುಕೊಂಡು ಕಡಲ ತೀರಕ್ಕೆ ಹೋಗಿದ್ದೆವು. ಪುತ್ತೂರು, ಸುಳ್ಯ, ಕಡಬದ ನಮ್ಮ ಮಕ್ಕಳಿಗೆ ಕುದುರೆ ಕಾಣಸಿಗುವುದೇ ಅಪರೂಪ. "ಉಮ್ಮಾ, ನಾನು ಕುದುರೆ ಮೇಲೆ ಕೂರಬೇಕು" ಎಂದು ಕಿರಿಯವನು ಹಠ ಹಿಡಿದ. ಹಣವನ್ನೂ ಕೊಟ್ಟಾಯಿತು. ಅವನನ್ನು ಎತ್ತಿ ಕೂರಿಸುವಾಗ ಜೀನು ತುಸು ಸರಿಯಿತು. ಅದರಡಿಯಲ್ಲಿ ಅಂಗೈಯಗಲದ ಹಸಿ ಗಾಯ!

"ಎರಡು ಗೋಣಿ ಮಡಚಿ ಹಾಕಿದ್ದೇನೆ, ಏನೂ ಆಗುವುದಿಲ್ಲ" ಎಂದ ಕುದುರೆಯವ. ನಾನು ಮಗನನ್ನು ಇಳಿಸಿಕೊಂಡೆ. ಅವನು ಅಳುತ್ತಲೇ ಮನೆ ಸೇರಿದ.

ಓದುಗರೇ, ಗೋಣಿ ಹಾಕಿದರೆ ಮೆತ್ತಗಾಗುತ್ತದೆಂದು ನಮಗೂ ಅನಿಸುತ್ತದೆ. ಆದರೆ ಬಿಗಿಯಾದ ಶೂವಿನೊಳಗೆ ದಪ್ಪ ಕಾಲುಚೀಲ ತೊಟ್ಟರೆ ಏನಾದೀತು? ಜೀನಿನ ಕತೆಯೂ ಅದೇ. ಒಳ್ಳೆಯ ಜೀನು ಬೆನ್ನೆಲುಬನ್ನು ಮುಟ್ಟುವುದಿಲ್ಲ. ಸವಾರನ ಭಾರವನ್ನು ಅದರ ಎರಡೂ ಬದಿಯ ಸ್ನಾಯುಗಳಿಗೆ ಹಂಚುತ್ತದೆ. ಹೆಗಲಿನ ಚಲನೆಗೆ ಅಡ್ಡಿಯಾಗುವುದಿಲ್ಲ, ಕೊನೆಯ ಪಕ್ಕೆಲುಬಿನಿಂದ ಹಿಂದಕ್ಕೆ ಹೋಗುವುದಿಲ್ಲ. ವಯಸ್ಸು, ಮೇವು, ದುಡಿಮೆಗೆ ತಕ್ಕಂತೆ ಕುದುರೆಯ ಬೆನ್ನು ಬದಲಾಗುವುದರಿಂದ ಒಮ್ಮೆ ಸರಿಹೊಂದಿದ ಜೀನು ಕೊನೆಯವರೆಗೂ ಹೊಂದಬೇಕೆಂದಿಲ್ಲ.

ಕುದುರೆ ಬಾಯಿ ಬಿಟ್ಟು ಹೇಳುವುದಿಲ್ಲ, ಅದರ ಮೈ ಹೇಳುತ್ತದೆ. ಜೀನು ತೆಗೆದಾಗ ಬೆವರಿದ ಬೆನ್ನಿನ ನಡುವೆ ಅಲ್ಲಲ್ಲಿ ಒಣಗಿದ ಕಲೆಗಳಿದ್ದರೆ ಅಲ್ಲಿ ಒತ್ತಡ ಹೆಚ್ಚಾಗಿರಬಹುದು. ಬಹುಕಾಲ ಒತ್ತಿದ ಜಾಗದಲ್ಲಿ ಬಿಳಿ ಕೂದಲು ಹುಟ್ಟುತ್ತದೆ. ಹೊಟ್ಟೆಯ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಒತ್ತುವುದು, ಕಚ್ಚಲು ಬರುವುದು ಬರೀ ತುಂಟತನವಲ್ಲ, ನೋವಿನ ಭಾಷೆಯೂ ಇರಬಹುದು. ಗಾಯಗೊಂಡ ಪ್ರಾಣಿಯನ್ನು ದುಡಿಸುವುದು ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ತೋಟವೊಂದರಲ್ಲಿ ಒಂಟೆ ಕಣ್ಣೀರಿಟ್ಟಾಗ ಪ್ರವಾದಿಯವರು(ಸ) ಅದನ್ನು ಸವರಿ, ಹಸಿವಿನಲ್ಲಿಟ್ಟು ಅತಿಯಾಗಿ ದುಡಿಸುತ್ತಿದ್ದ ಅದರ ಒಡೆಯನನ್ನು ಕರೆಸಿ ಎಚ್ಚರಿಸಿದ ಘಟನೆಯನ್ನು ಎಷ್ಟೋ ವರ್ಷಗಳಿಂದ ಮದ್ರಸದಲ್ಲಿ ಹೇಳುತ್ತಾ ಬಂದಿದ್ದೇನೆ. ಆದರೆ ಆ ರಾತ್ರಿ ನನಗೆ ನೆನಪಾದದ್ದು ಬೇರೆ. ಅದಕ್ಕೂ ಮೊದಲಿನ ಮಳೆಗಾಲದಲ್ಲಿ ಇದೇ ಮಗ "ಶೂ ಬಿಗಿಯಾಗಿದೆ ಉಮ್ಮಾ" ಎಂದಿದ್ದ. "ಈ ವರ್ಷ ಹೇಗಾದರೂ ಸುಧಾರಿಸು" ಎಂದು ಗದರಿದ್ದೆ. ವಾರದ ನಂತರ ಕಾಲುಚೀಲ ಒಗೆಯುವಾಗ ರಕ್ತದ ಕಲೆ ಕಂಡಿತು. ಕುದುರೆಗಾದರೋ ಬಾಯಿಲ್ಲ. ನನ್ನ ಮಗ ಬಾಯಿ ಬಿಟ್ಟು ಹೇಳಿದ್ದರೂ ನಾನು ಕೇಳಿಸಿಕೊಂಡಿರಲಿಲ್ಲ. ಕುದುರೆಯವನ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಹೊರೆ ಹೊರಿಸುವವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸರಿಯೋ ತಪ್ಪೋ ಎಂದು ಹೇಳಬೇಕಾದದ್ದು ಹೊರುವ ಬೆನ್ನು. ಸಹೋದರಿಯರೇ, ಮುಂದಿನ ಸಲ ಮಗುವನ್ನು ಕುದುರೆಯ ಮೇಲೆ ಕೂರಿಸುವ ಮೊದಲು ಜೀನು ಎತ್ತಿ ಬೆನ್ನು ತೋರಿಸುವಂತೆ ಕೇಳಿ. ಗಾಯವಿದ್ದರೆ ಹಿಂದಿರುಗಿ, ಅದೇಕೆಂದು ಮಗುವಿಗೆ ತಿಳಿಸಿ ಹೇಳಿ. ಮನೆಗೆ ಬಂದ ಮೇಲೆ ಆ ಮಗುವಿನ ಪಾದವನ್ನೂ, ಬ್ಯಾಗು ಹೊತ್ತ ಹೆಗಲನ್ನೂ ಒಮ್ಮೆ ನೋಡಿ.